ಕಣ್ಣುಗುಡ್ಡೆ ಮುಂದೆ ಬಂದರೆ ಉದಾಸೀನ ಸಲ್ಲದು

ನಮ್ಮ ಕಣ್ಣುಗುಡ್ಡೆಯು ಎಲುಬಿನ ಗೂಡೊಂದರಲ್ಲಿ ನೆಲೆಗೊಂಡಿದೆ. ಸುಮಾರು 30 ಮಿಲಿಲೀಟರ್ ಅಳತೆಯ ಈ ಗೂಡಿನಲ್ಲಿ ಗುಡ್ಡೆಯ ಪಾಲು 7 ಮಿಲಿಲೀಟರಿನಷ್ಟು ಮಾತ್ರ. ಉಳಿದೆಡೆ ಸ್ನಾಯು, ನರ, ರಕ್ತನಾಳಗಳನ್ನು ಸುತ್ತುವರಿದು ಮೃದುವಾದ ಕೊಬ್ಬು ಮೆತ್ತೆಯಂತೆ ಹರಡಿದೆ.

ಅತ್ಯಂತ ವಿರಳವಾಗಿ ಈ ಗೂಡಿನೊಳಗೆ ಕೊಬ್ಬಿನ ಅಂಗಾಂಶದ ಕ್ಯಾನ್ಸರ್ ಗಡ್ಡೆ ಬೆಳೆಯುವುದುಂಟು. ಇದಕ್ಕೆ ಲೈಪೊಸಾರ್ಕೋಮಾ ಎಂದು ಹೆಸರು. ಸಾಮಾನ್ಯವಾಗಿ ತೊಡೆಯಲ್ಲಿಯೂ ಉದರದ ಹಿಂಭಾಗದಲ್ಲಿಯೂ ಕಾಣಿಸುವ ಈ ವ್ಯಾಧಿಯನ್ನು 1857ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ವರ್ಣಿಸಿದನು. ಬೆಣ್ಣೆ-ತುಪ್ಪ ಸೇವಿಸಿದ್ದರಿಂದ ಇದು ಬರುವುದಲ್ಲ, ಅಂಟುರೋಗವೂ ಅಲ್ಲ. ಜೀವಕೋಶಗಳ ವಂಶವಾಹಿಗಳಲ್ಲಿ ಆಗುವ ಮಾರ್ಪಾಡೇ ಇದರ ಮೂಲ.

ಒಂದು ಕಣ್ಣು ನಿಧಾನವಾಗಿ ಮುಂದಕ್ಕೆ ಚಾಚುವುದು, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು ಇದರ ಲಕ್ಷಣಗಳು. ಬಹುಮಟ್ಟಿಗೆ ನೋವಿರುವುದಿಲ್ಲ. ನೋವಿಲ್ಲವೆಂಬ ಕಾರಣದಿಂದಲೇ ಕಬ್ಬಿನ ಕಟಾವು ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂದು ದಿನ ದೂಡುವ ಅಪಾಯವುಂಟು. ಹಾಗೆಂದು ಭಯಪಡಬೇಕಾಗಿಲ್ಲ. ವಯಸ್ಕರಲ್ಲಿ ಕಣ್ಣು ಮುಂಚಾಚಲು ಹೆಚ್ಚಾಗಿ ಥೈರಾಯ್ಡ್ ದೋಷವೇ ಕಾರಣ. ಯಾವುದೆಂಬುದನ್ನು ನಿರ್ಣಯಿಸಬೇಕಾದುದು ವೈದ್ಯರು. ಸೊಪ್ಪಿನ ರಸ ಹಿಂಡುವವರಲ್ಲ.

ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಗಡ್ಡೆಯ ನೆಲೆಯನ್ನು ತೋರಿಸುತ್ತದೆ. ಬಯಾಪ್ಸಿ ಅದರ ಸ್ವರೂಪವನ್ನು ಖಚಿತಪಡಿಸುತ್ತದೆ. ಗಡ್ಡೆಯನ್ನು ಪೂರ್ಣವಾಗಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಅಂಚಿನಲ್ಲಿ ಉಳಿದರೆ ಅಲ್ಲಿಯೇ ಮರುಕಳಿಸುವ ಸ್ವಭಾವ ಇದರದು. ಆದುದರಿಂದ ಕೆಲವೊಮ್ಮೆ ಕಣ್ಣನ್ನೂ ಗೂಡಿನ ಅಂಗಾಂಶಗಳನ್ನೂ ಒಟ್ಟಾಗಿ ತೆಗೆಯಬೇಕಾಗುತ್ತದೆ. ಸಂದರ್ಭಾನುಸಾರ ವಿಕಿರಣ ಚಿಕಿತ್ಸೆಯನ್ನೂ ನೀಡುವರು. ಕಣ್ಣನ್ನು ಬಿಡುವುದೋ, ಪ್ರಾಣವನ್ನು ಪಣಕ್ಕಿಡುವುದೋ ಎಂಬ ಕಠಿಣ ಪ್ರಶ್ನೆ ಆಗ ಕುಟುಂಬದ ಮುಂದೆ ನಿಲ್ಲುತ್ತದೆ. ಇಂತಹ ವೇಳೆ ಮನೆಯವರ ಧೈರ್ಯವೇ ರೋಗಿಗೆ ಆಸರೆ. ಕೃತಕ ಕಣ್ಣಿನ ಅಳವಡಿಕೆಯಿಂದ ಮುಖದ ರೂಪವನ್ನು ತಕ್ಕಮಟ್ಟಿಗೆ ಮರಳಿ ಪಡೆಯಬಹುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯವರಿಗೆ ಮಂಡ್ಯ, ಮೈಸೂರುಗಳ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಸಮೀಪವಾಗಿವೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಮಿಂಟೋ ಕಣ್ಣಾಸ್ಪತ್ರೆಯೂ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯೂ ಇವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಸರಕಾರಿ ಆಸ್ಪತ್ರೆಯಲ್ಲಿಯೇ ವಿಚಾರಿಸಬಹುದು.

ಶಸ್ತ್ರಚಿಕಿತ್ಸೆಯ ಬಳಿಕವೂ ವರುಷಗಟ್ಟಲೆ ತಪಾಸಣೆ ಅಗತ್ಯ. ಹಿರಿಯರ ಮುಖವನ್ನು ದಿನವೂ ನೋಡುವ ನಾವೇ ಕಣ್ಣಿನ ವ್ಯತ್ಯಾಸವನ್ನು ಮೊದಲು ಗುರುತಿಸಬಲ್ಲೆವು. ಹಳೆಯ ಭಾವಚಿತ್ರದೊಡನೆ ಹೋಲಿಸಿ ನೋಡೋಣ. ಸಂಶಯ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯೋಣ.