ಭಿನ್ನರಾಶಿಯನ್ನು ಕೈಯಿಂದ ಕಲಿಸುವ ಬಗೆ



ರೊಟ್ಟಿಯಲ್ಲಿ ಕಾಲುಭಾಗ ಬೇಕೋ ಅರೆಕಾಲು ಬೇಕೋ ಎಂದರೆ ಹಸಿದ ಮಗು ತಡವರಿಸದು. ಅದನ್ನೇ ಹಲಗೆಯ ಮೇಲೆ 1/4, 1/8 ಎಂದು ಬರೆದು ಕೇಳಿದರೆ, ನಾಲ್ಕಕ್ಕಿಂತ ಎಂಟು ದೊಡ್ಡದಷ್ಟೆ ಎಂದು 1/8ನ್ನೇ ತೋರಿಸುವ ಮಕ್ಕಳು ಬಹಳ. ಕೈಗೆ ತಿಳಿದುದು ಅಂಕಿಗೆ ಇಳಿದಿರುವುದಿಲ್ಲ.

ನಮ್ಮ ನಾಡಿನಲ್ಲಿ ಈ ಗಣಿತವು ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಭಿನ್ನಗಳಿಗೆ ‘ಕಲಾಸವರ್ಣ’ವೆಂಬ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮುಂದೆ ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲದಲ್ಲಿ ಸಂತೆಯೇ ಮಕ್ಕಳಿಗೆ ಕಾಲು, ಅರೆ, ಮುಕ್ಕಾಲುಗಳನ್ನು ಕಲಿಸುತ್ತಿತ್ತು. 1957ರ ಏಪ್ರಿಲ್ 1ರಿಂದ ರೂಪಾಯಿ ನೂರು ಪೈಸೆಯಾಯಿತು. 2011ರಲ್ಲಿ ಇಪ್ಪತ್ತೈದು ಪೈಸೆಯ ನಾಣ್ಯವೂ ಚಲಾವಣೆಯಿಂದ ಹೋಯಿತು. ಆದುದರಿಂದ ಸಂತೆ ಬಿಟ್ಟ ಪಾಠವನ್ನು ಶಾಲೆಯೇ ಹೇಳತಕ್ಕದ್ದಾಗಿದೆ.

ಮೊದಲು ಒಂದೇ ಅಳತೆಯ ಕಾಗದದ ರೊಟ್ಟಿಗಳನ್ನು ಕತ್ತರಿಸಿ ಮಕ್ಕಳ ಕೈಗೆ ಕೊಡಬೇಕು. ಒಮ್ಮೆ ಮಡಿಸಿದರೆ ಎರಡು ಪಾಲು, ಎರಡು ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಎಂಟು. ಪಾಲು ಹೆಚ್ಚಿದಂತೆ ತುಂಡು ಕಿರಿದಾಗುವುದನ್ನು ಮಗು ತಾನೇ ಕಾಣುವುದು. ತುಂಡುಗಳು ಸಮವಾಗಿಲ್ಲದಿದ್ದರೆ ಕಾಲೆಂಬ ಹೆಸರು ಸಲ್ಲದು. ಇದನ್ನೂ ಒತ್ತಿ ಹೇಳಬೇಕು. ಆಮೇಲೆ ಒಂದು ಕಾಲಿನ ಮೇಲೆ ಎರಡು ಅರೆಕಾಲುಗಳನ್ನಿರಿಸಿ, ಛೇದವು ಪಾಲಿನ ಹೆಸರು, ಅಂಶವು ಪಾಲುಗಳ ಎಣಿಕೆ ಎಂದು ತಿಳಿಸಬೇಕು. ಆಗ 1/4ಕ್ಕೆ 1/8 ಕೂಡಿದರೆ 3/8 ಎಂಬುದು ಕಣ್ಣಿಗೇ ಕಾಣುತ್ತದೆ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದವನಿಗೆ 2/12, ಎಂದರೆ 1/6 ಬರುವುದು. ಕೂಡಿದ ಮೇಲೆ ಇದ್ದ ಕಾಲಿಗಿಂತಲೂ ಕಡಿಮೆಯಾಯಿತೆ ಎಂದು ಮಕ್ಕಳೇ ನಗುವರು.

ಎರಡನೆಯ ಸಾಧನ ಹೊಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ರೈತರ ಮಕ್ಕಳಿಗೆ ಎಕರೆಯೆಂದರೆ ನಲವತ್ತು ಗುಂಟೆ ಎಂಬುದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ನಲವತ್ತು ಹುಣಿಸೆಬೀಜಗಳನ್ನು ಹತ್ತರಂತೆ ನಾಲ್ಕು ಸಾಲಿಡಲಿ. ಕಾಲು ಹತ್ತು, ಅರೆಕಾಲು ಐದು. ಕೂಡಿದರೆ ಹದಿನೈದು, ಅದೇ ನಲವತ್ತರ 3/8. ಮೂವರಿಗೆ ಹಂಚುವಾಗ ತಲೆಗೆ ಹದಿಮೂರು ಬಂದು ಒಂದು ಬೀಜ ಉಳಿಯುವುದು. ಆ ಒಂದನ್ನೇನು ಮಾಡುವುದೆಂಬ ಪ್ರಶ್ನೆಯಿಂದಲೇ 1/3 ಹುಟ್ಟುತ್ತದೆ.

ಇದು ಪರೀಕ್ಷೆಗಷ್ಟೇ ಬೇಕಾದ ವಿದ್ಯೆಯಲ್ಲ. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ಮೂರು ಎಕರೆ ಹತ್ತು ಗುಂಟೆಯಲ್ಲಿ ಐದನೆಯ ಒಂದು ಪಾಲು ಇಪ್ಪತ್ತಾರು ಗುಂಟೆ ಎಂದು ತಾನೇ ಲೆಕ್ಕ ಹಾಕಬಲ್ಲ ಹುಡುಗಿ, ಮುಂದೆ ಇಪ್ಪತ್ತು ಗುಂಟೆಯ ಕಾಗದಕ್ಕೆ ಸುಮ್ಮನೆ ಸಹಿ ಹಾಕಳು.