ಮುಂದಿನ ತಿರುವಿನವರೆಗೆ

ಟೆರ್ರಿ ಫಾಕ್ಸ್ ಓಡುವಾಗ ಎಡಗಾಲಿಗೆ ಎರಡು ಹೆಜ್ಜೆ, ಬಲಗಾಲಿಗೆ ಒಂದೇ. ಬಲಗಾಲು ಕೃತಕದ್ದು. ಅದು ಮುಂದಕ್ಕೆ ಬರಲು ತುಸು ಹೊತ್ತು ಬೇಕು. ಅಷ್ಟರಲ್ಲಿ ಎಡಗಾಲು ಇನ್ನೊಮ್ಮೆ ಕುಪ್ಪಳಿಸಿಬಿಡುತ್ತಿತ್ತು. ಮಕ್ಕಳೇ, ಕುಂಟಾಬಿಲ್ಲೆ ಆಡುವಾಗ ನಾಲ್ಕು ಮನೆ ದಾಟುವುದರೊಳಗೆ ಕಾಲು ಸೋಲುತ್ತದಲ್ಲವೇ? ಈತ ದಿನಕ್ಕೆ ಸುಮಾರು 42 ಕಿಲೋಮೀಟರ್ ಹೀಗೆ ಓಡಿದ.

ಟೆರ್ರಿ ಕೆನಡಾದವನು, ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಹುಡುಗ. 1977ರಲ್ಲಿ, 18ನೇ ವಯಸ್ಸಿನಲ್ಲಿ, ಬಲ ಮೊಣಕಾಲು ನೋಯತೊಡಗಿತು. ತಪಾಸಣೆಯಲ್ಲಿ ಗೊತ್ತಾದದ್ದು ಆಸ್ಟಿಯೊಸಾರ್ಕೊಮಾ. ಹದಿಹರೆಯದವರಲ್ಲೇ ಹೆಚ್ಚಾಗಿ ಕಾಣಿಸುವ ಅಪರೂಪದ ಮೂಳೆ ಕ್ಯಾನ್ಸರ್ ಅದು. ಮೊಣಕಾಲಿನ ಮೇಲಕ್ಕೆ ಕಾಲನ್ನು ಕತ್ತರಿಸಬೇಕಾಯಿತು. ಬದುಕುವ ಸಾಧ್ಯತೆ ನೂರಕ್ಕೆ 50 ಎಂದರು ವೈದ್ಯರು. ಕೆಲವೇ ವರ್ಷಗಳ ಹಿಂದೆ ಅದು ನೂರಕ್ಕೆ 15 ಇತ್ತಂತೆ. ಹೊಸ ಔಷಧಿಗಳಿಂದ ಏರಿತ್ತು. ಹಾಗಿದ್ದರೂ 50 ಎಂದರೆ ಏನು? ನಾಣ್ಯ ಚಿಮ್ಮಿದಂತೆ. ಅದು ಯಾವ ಕಡೆ ಬೀಳುತ್ತದೆಂದು ಯಾರೂ ಹೇಳಲಾರರು.

ಹದಿನಾರು ತಿಂಗಳು ಕಿಮೊಥೆರಪಿ ನಡೆಯಿತು. ಅದೇ ವಾರ್ಡಿನಲ್ಲಿ ತನಗಿಂತ ಚಿಕ್ಕವರು ನರಳುವುದನ್ನು ಟೆರ್ರಿ ನೋಡಿದ. ಔಷಧಿ ಹುಡುಕಲು ಹಣ ಬೇಕು, ಅದಕ್ಕಾಗಿ ಇಡೀ ಕೆನಡಾ ಓಡಿ ದಾಟುತ್ತೇನೆ ಎಂದು ತೀರ್ಮಾನಿಸಿದ. ಅಮ್ಮ ಬೆಟ್ಟಿಗೆ ಇದು ಹುಚ್ಚು ಎನಿಸಿತು. ಅಪ್ಪ ರೋಲಿ ಕೇಳಿದ್ದು, ಯಾವಾಗ ಎಂದಷ್ಟೇ.

1980ರ ಏಪ್ರಿಲ್ 12ರಂದು ದೇಶದ ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರಕ್ಕೆ ಅದ್ದಿ ಹೊರಟ. ಗೆಳೆಯ ಡಗ್ ಆಲ್ವರ್ಡ್ ವ್ಯಾನು ಓಡಿಸುತ್ತ ಜೊತೆಗಿದ್ದ. ಮೊದಲ ದಿನಗಳಲ್ಲಿ ಬಿರುಗಾಳಿ, ಮಳೆ, ಹಿಮ. ಕಾಲಿನ ಮೋಟು ಉಜ್ಜಿ ಹುಣ್ಣಾಗಿ ರಕ್ತ ಬರುತ್ತಿತ್ತು. ಇನ್ನೆಷ್ಟು ಸಾವಿರ ಕಿಲೋಮೀಟರ್ ಎಂದು ಅವನು ಲೆಕ್ಕ ಹಾಕುತ್ತ ಕೂರಲಿಲ್ಲ. ಆ ಬೋರ್ಡಿನವರೆಗೆ, ಆಮೇಲೆ ಆ ತಿರುವಿನವರೆಗೆ, ಹೀಗೆ ದಾರಿಯನ್ನು ತುಂಡು ಮಾಡಿಕೊಂಡು ಓಡಿದ. ಮಂಡಿ ನೋವಿನ ಅಜ್ಜ-ಅಜ್ಜಿಯರಿಗೆ ಈ ಉಪಾಯ ಹೊಸದೇನಲ್ಲ. ದೇವಸ್ಥಾನದ ಮೆಟ್ಟಿಲು ಹತ್ತುವುದೂ ಹೀಗೆಯೇ.

ಒಂದು ವಿಷಯದಲ್ಲಿ ಮಾತ್ರ ಅವನು ಹಟಮಾರಿ. ದಾರಿಯಲ್ಲಿ ವೈದ್ಯರ ತಪಾಸಣೆಗೆ ಹೋಗಲು ಒಪ್ಪುತ್ತಿರಲಿಲ್ಲ. ಇದು ಮೆಚ್ಚುವಂಥದ್ದಲ್ಲ. ಆದರೆ ಆಸ್ಪತ್ರೆಯ ವರದಿಗಾಗಿ ಕಾದು ಕುಳಿತವರಿಗೆ ಆ ಭಯ ಅರ್ಥವಾದೀತು.

ಆಂಟೇರಿಯೊ ಪ್ರಾಂತ್ಯದಲ್ಲಿ ಹತ್ತು ವರ್ಷದ ಹುಡುಗನೊಬ್ಬ ಅವನನ್ನು ಕಾಣಲು ಬಂದ. ಅವನೂ ಮೂಳೆ ಕ್ಯಾನ್ಸರಿನಿಂದ ಕಾಲು ಕಳೆದುಕೊಂಡವನೇ. ಇಬ್ಬರೂ ಸೇರಿ ಈಜಿದರು. ಮತ್ತೆ ಟೆರ್ರಿ ಓಡಲು ಹೊರಟಾಗ ಹುಡುಗ ಸೈಕಲ್ ತುಳಿಯುತ್ತ ಹಿಂದೆಯೇ ಹೋದ.

ಸೆಪ್ಟೆಂಬರ್ 1ರಂದು ಥಂಡರ್ ಬೇ ಊರಿನ ಬಳಿ ಕೆಮ್ಮು ಬಂತು, ಎದೆ ಹಿಡಿದುಕೊಂಡಿತು. ರಸ್ತೆ ಬದಿಯ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರು ಕಣ್ಣಿಗೆ ಕಾಣುವವರೆಗೂ ಓಡಿದ. ಆಮೇಲೆ ವ್ಯಾನು ಹತ್ತಿ, ಆಸ್ಪತ್ರೆಗೆ ನಡಿ ಎಂದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನಗಳಲ್ಲಿ 5,373 ಕಿಲೋಮೀಟರ್ ಆಗಿತ್ತು.

1981ರ ಜೂನ್ 28ರಂದು ಟೆರ್ರಿ ತೀರಿಕೊಂಡ. 23 ತುಂಬಲು ಒಂದು ತಿಂಗಳಿತ್ತು. ಅಷ್ಟರಲ್ಲಿ 2.4 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹವಾಗಿತ್ತು, ಕೆನಡಾದ ಪ್ರತಿಯೊಬ್ಬರ ಲೆಕ್ಕಕ್ಕೆ ಒಂದೊಂದು ಡಾಲರ್. ಇಂದು ಅದೇ ಕಾಯಿಲೆ ಬಂದ ಬಹುತೇಕರ ಕಾಲನ್ನು ಕತ್ತರಿಸುವುದಿಲ್ಲ. ಕೆಟ್ಟ ಮೂಳೆಯಷ್ಟನ್ನೇ ತೆಗೆದು, ಆ ಜಾಗಕ್ಕೆ ಲೋಹದ ಮೂಳೆ ಕೂರಿಸುತ್ತಾರೆ.