ಯಾರದೋ ಸಮರ, ನಮ್ಮ ಸವಾರರು

1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಜೋಧಪುರದವರೊಡಗೂಡಿ ತುರ್ಕಿಯ ಸೈನ್ಯದಿಂದ ಹೈಫಾ ನಗರವನ್ನು ಗೆದ್ದಿತು. ತುರ್ಕಿಯ ಸುಲ್ತಾನನೊಡನೆ ಮೈಸೂರಿಗೇನು ಹಗೆ? ಬಿಂಡಿಗನವಿಲೆಯ ರೈತನಿಗೆ ಹೈಫಾ ಯಾವ ದಿಕ್ಕಿನಲ್ಲಿದೆಯೆಂಬುದೇ ಅರಿಯದ ಸಂಗತಿ. ಸಂಸ್ಥಾನದಲ್ಲಿ ಕಡ್ಡಾಯದ ಸೇನಾಭರ್ತಿ ಇರಲಿಲ್ಲ, ನಿಜ. ಆದರೆ ಈ ಸಮರ ನಿನಗೆ ಒಪ್ಪಿಗೆಯೇ ಎಂದು ಸಂಬಳದ ಸವಾರನನ್ನು ಕೇಳಿದವರಾರು?

ಯುದ್ಧನಿಧಿಗೆ ಮಹಾರಾಜರು 50 ಲಕ್ಷ ರೂಪಾಯಿ ಕೊಟ್ಟಿದ್ದರು. ಹಳ್ಳಿಗಳಿಗೆ ಮರಳಿ ಬಂದದ್ದು ಬೇರೆ: ಬಟ್ಟೆ, ಸೀಮೆಎಣ್ಣೆಗಳ ಬೆಲೆಯೇರಿಕೆ; ಮೇಲೆ, ದಂಡಿನ ಹಡಗುಗಳೊಡನೆ ಮುಂಬಯಿಯಲ್ಲಿ ಇಳಿದು ನಾಡನ್ನೆಲ್ಲ ಹೊಕ್ಕ ಇನ್‌ಫ್ಲುಯೆಂಜಾ ಜ್ವರ. ಅತ್ತ ಹೈಫಾದಲ್ಲಿ ಜಯಭೇರಿ ಮೊಳಗುವ ಹೊತ್ತಿಗೆ ಇತ್ತ ಸಂಸ್ಥಾನದಲ್ಲಿ ಸಾವಿನ ಸುಗ್ಗಿ.

ಮಡಿದ ಸವಾರರ ಹೆಸರುಗಳು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಸ್ಮಾರಕದಲ್ಲಿವೆ. ಜ್ವರಕ್ಕೆ ಬಲಿಯಾದ ಹಳ್ಳಿಗರು ಜನಗಣತಿಯ ವರದಿಯಲ್ಲಿ ಬರಿಯ ಅಂಕಿಗಳಾಗಿದ್ದಾರೆ.